ನಲವತ್ತೊಂದು ಸೆಕೆಂಡಿನ ಒಪ್ಪಿಗೆ

ಸತ್ತವರು ಮಾತಾಡಿದರೆ ವಕೀಲಗಲ್ಲು ಉತ್ತರ ಕೊಡಕೂಡದು ಎಂಬ ನಿಯಮ ಬರೆದದ್ದು ನಾನಲ್ಲ. ಅದು ರಾಜಧಾನಿಯಲ್ಲಿ ಕೂತ ಜಾಣರ ಕೆಲಸ. ನಾನು ಬರೆದದ್ದು ಬೇರೊಂದು ನಿಯಮ, ಹೆಂಗಸರಿಗೆ ಒಳ್ಳೆಯದಾಗಲಿ ಅಂತ ಬರೆದದ್ದು. ಎರಡೂ ಸೇರಿ ಏನು ಮಾಡಿದವು ಅನ್ನುವುದನ್ನು ಹೇಳಬೇಕು. ಇಷ್ಟು ದಿನ ಹೇಳದೆ ಕೂತದ್ದಕ್ಕೆ ನನ್ನ ಮೇಲೆ ನನಗೇ ಸಿಟ್ಟಿದೆ.

ಮೊದಲು ಕಲ್ಲಿನ ವಿಷಯ. ವಕೀಲಗಲ್ಲು ಅನ್ನುವುದು ಭೀಮಾ ತೀರದ ಜನ ಇಟ್ಟ ಹೆಸರು. ಸರ್ಕಾರ ಇಟ್ಟ ಹೆಸರು ಒಂದೂವರೆ ಸಾಲು ಉದ್ದವಿದೆ, ಫೈಲಿನ ಮೇಲೆ ಬಿಟ್ಟರೆ ಇನ್ನೆಲ್ಲೂ ಯಾರೂ ಅದನ್ನು ಬಳಸುವುದಿಲ್ಲ. ಪಂಚಾಯತಿ ಕಟ್ಟೆಯ ಪಕ್ಕದಲ್ಲಿ ಸೊಂಟದೆತ್ತರದ ಕರಿಕಲ್ಲಿನ ಕಂಬ, ಅದರಲ್ಲೊಂದು ಹಿತ್ತಾಳೆಯ ಜಾಲರಿ, ನೆತ್ತಿಯ ಮೇಲೆ ಬಿಸಿಲು ಕುಡಿಯುವ ಫಲಕ. ಎದುರು ನಿಂತು ನಮ್ಮ ನಮ್ಮ ಮಾತಿನಲ್ಲಿ ತಂಟೆ ಹೇಳಿಕೊಂಡರೆ ಸಾಕು. ಕಲ್ಲು ಕೇಳಿಸಿಕೊಳ್ಳುತ್ತದೆ, ಕಾನೂನು ಏನನ್ನುತ್ತದೆ ಅಂತ ಹೇಳುತ್ತದೆ, ಅರ್ಜಿ ತಾನೇ ಬರೆಯುತ್ತದೆ, ಕೋರ್ಟಿಗೆ ತಾನೇ ಕಳಿಸುತ್ತದೆ. ಹೆಬ್ಬೆಟ್ಟಿನ ಬದಲು ಧ್ವನಿಯೇ ಮುದ್ರೆ. ಸಣ್ಣಪುಟ್ಟ ವಿಷಯಗಳಿಗೆ ವಾರದಲ್ಲಿ ಆದೇಶ ಬರುತ್ತದೆ. ನಾಲ್ಕು ಸಾವಿರ ಊರುಗಳಲ್ಲಿ ಇಂಥ ನಾಲ್ಕು ಸಾವಿರ ಕಲ್ಲುಗಳಿವೆ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಜನ ಕಾಗದ ನಂಬುವುದಿಲ್ಲ, ಬಾಯಿಮಾತು ನಂಬುತ್ತಾರೆ. ಅದಕ್ಕೇ ಯಾರ ಬಗ್ಗೆ ಆದೇಶವಾಗುತ್ತದೋ ಆ ವ್ಯಕ್ತಿ ಯಾವ ಊರಿನ ಕಲ್ಲಿನ ಮುಂದೆ ಬಾಯಿ ತೆರೆದರೂ ಸರಿ, ಹೇಳಿಕೆ ಕೊಟ್ಟವರ ಧ್ವನಿಯಲ್ಲೇ ಆ ಹೇಳಿಕೆಯನ್ನು ಕಲ್ಲು ಕೇಳಿಸುತ್ತದೆ. ಒಂದಕ್ಷರ ಬಿಡದೆ, ನಡುವಿನ ಕೆಮ್ಮು, ನಿಲುಗಡೆ ಎಲ್ಲ ಇದ್ದ ಹಾಗೆಯೇ. ಕತ್ತರಿಸಿದ ಹೇಳಿಕೆ ಕಾನೂನಿನಲ್ಲಿ ನಿಲ್ಲುವುದಿಲ್ಲ.

ನಾನು ಇಂದುಮತಿ ಕನಮಡಿ. ಇಪ್ಪತ್ತೆರಡು ವರ್ಷ ಕೋರ್ಟಿನಲ್ಲಿ ಶೀಘ್ರಲಿಪಿಗಾರ್ತಿಯಾಗಿದ್ದೆ. ಕಲ್ಲುಗಳು ಬಂದ ಮೇಲೆ ನನ್ನಂಥವರಿಗೆ ಕೆಲಸವಿಲ್ಲದಾಯಿತು. ಕಿವಿ ಚುರುಕಿದೆ ಅಂತ ಹೊಸ ನಿಯಂತ್ರಣ ಕೋಣೆಗೆ ತೆಗೆದುಕೊಂಡರು. ಹಳೆಯ ಹತ್ತಿ ಜಿನ್ನಿಂಗ್ ಮಿಲ್ಲಿಗೆ ಸುಣ್ಣ ಬಳಿದು ಮಾಡಿದ ಕೋಣೆ ಅದು. ಎಷ್ಟು ಗುಡಿಸಿದರೂ ಸಂದಿಯಿಂದ ಅರಳೆ ಹಾರಿ ಬಂದು ಕಂಪ್ಯೂಟರಿನ ಮೇಲೆ ಕೂರುತ್ತಿತ್ತು. ಕಲ್ಲಿಗೆ ಅರ್ಥವಾಗದ್ದನ್ನು ಕೇಳಿ ಅರ್ಥ ಮಾಡಿಕೊಳ್ಳುವುದು ನಮ್ಮ ಕೆಲಸ. ಆರು ಜನ ಇದ್ದೆವು. ಎಲ್ಲರ ಮೇಲೆ ನಾಡಗೌಡ ಸಾಹೇಬರು.

ಮೊದಲ ವರ್ಷ ಹೆಂಗಸರ ಅರ್ಜಿಗಳೆಲ್ಲ ಒಂದೇ ಕಡೆ ಸಿಕ್ಕಿಹಾಕಿಕೊಂಡವು. ಗಂಡನ ಹೆಸರು ಹೇಳಿ ಅಂತ ಕಲ್ಲು ಕೇಳುತ್ತಿತ್ತು. ಆಕೆ ಸುಮ್ಮನೆ ನಿಲ್ಲುತ್ತಿದ್ದಳು. ಮೂರು ಸಲ ಕೇಳಿ ಕಲ್ಲು ಅರ್ಜಿ ಮುಚ್ಚುತ್ತಿತ್ತು. ಕಂಪ್ಯೂಟರ್ ಓದಿದ ಹುಡುಗರಿಗೆ ತಲೆಬುಡ ತಿಳಿಯಲಿಲ್ಲ. ನನಗೆ ತಿಳಿಯಿತು. ನಾನು ಒಂಬತ್ತು ವರ್ಷದವಳಿದ್ದಾಗ ಅಪ್ಪನನ್ನು ಆಸ್ಪತ್ರೆಗೆ ಸೇರಿಸುವಾಗ ಕಿಟಕಿಯ ಗುಮಾಸ್ತ ಹೆಸರೇನು ಹೆಸರೇನು ಅಂತ ಅವ್ವನ ಮೇಲೆ ಹರಿಹಾಯ್ದಿದ್ದ. ಅವ್ವ ಬೆವೆತು ಹೋಗಿ, ನನ್ನನ್ನು ಮುಂದೆ ಎಳೆದು, "ಹೇಳವ್ವ, ನಿಮ್ಮಪ್ಪನ ಹೆಸರು ಹೇಳು" ಅಂದಿದ್ದಳು. ಗಂಡನ ಹೆಸರನ್ನು ಬಾಯಿಂದ ತೆಗೆದರೆ ಅವನ ಆಯುಷ್ಯ ಸವೆಯುತ್ತದೆ ಅನ್ನುವುದು ನಮ್ಮ ಕಡೆಯ ನಂಬಿಕೆ.

ಹಾಗಾಗಿ ನಾನೊಂದು ನಿಯಮ ಬರೆದೆ. ಹೆಂಗಸು ಸುಮ್ಮನಿದ್ದರೆ ರೇಷನ್ ಕಾರ್ಡಿನಿಂದ ಗಂಡನ ಹೆಸರನ್ನು ಕಲ್ಲೇ ತೆಗೆದು ಹೇಳಲಿ. ಆಕೆ ಅಲ್ಲ ಅನ್ನದಿದ್ದರೆ ಅದನ್ನು ಹೌದು ಅಂತ ಬರೆದುಕೊಳ್ಳಲಿ. ಇಷ್ಟೇ. ಹನ್ನೊಂದು ಸಾವಿರ ಹೆಂಗಸರ ಕಾಗದ ಆ ಒಂದು ನಿಯಮದಿಂದ ಸಲೀಸಾದವು. ವಿಧವಾ ಪಿಂಚಣಿ, ಹೊಲದ ಪಾಲು, ಮನೆಯ ಖಾತೆ, ಏನೆಲ್ಲ. ನನಗೆ ಶಾಲು ಹೊದೆಸಿದರು. ನಾನೂ ಬೀಗಿದೆ, ಸುಳ್ಳು ಯಾಕೆ ಹೇಳಲಿ.

ಮಾರ್ಚ್ ತಿಂಗಳ ಒಂದು ಮಂಗಳವಾರ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ ನನ್ನ ಪರದೆಯ ಮೇಲೆ ಬೂದು ಪಟ್ಟಿ ಮೂಡಿತು. ಮೃತ ಧ್ವನಿ ಅಂತ ಬರೆದಿತ್ತು. ತಿಂಗಳಿಗೆ ಎರಡು ಮೂರು ಹೀಗೆ ಬರುತ್ತಿದ್ದವು. ಸತ್ತ ಅಪ್ಪನ ಹಳೆಯ ಫೋನ್ ಧ್ವನಿಯನ್ನು ಕಲ್ಲಿನ ಮುಂದೆ ಹಚ್ಚಿ ಹೊಲ ಬರೆಸಿಕೊಳ್ಳುವ ಕಿಲಾಡಿಗಳು ನಮ್ಮಲ್ಲಿ ಕಡಿಮೆಯಿಲ್ಲ. ಅದನ್ನು ತಡೆಯಲೆಂದೇ ಸತ್ತವರ ಧ್ವನಿ ಕೇಳಿದೊಡನೆ ಕಲ್ಲು ಮೂಕಾಗುವಂತೆ ಮಾಡಿದ್ದರು. ನಾವು ಒಮ್ಮೆ ಕೇಳಿ, ವಂಚನೆ ಅಂತ ಬರೆದು ಮುಚ್ಚಬೇಕು.

ಕಿವಿಗೆ ಹಚ್ಚಿಕೊಂಡೆ. ಗಾಳಿ, ದೂರದಲ್ಲೊಂದು ಆಡು. ಆಮೇಲೆ ಗಂಡಸಿನ ಧ್ವನಿ.

"ನಮಸ್ಕಾರ್ರೀ. ನಾ ಜಕ್ಕಪ್ಪ ಮಾಳಪ್ಪ ಪೂಜಾರಿ. ಊರು ಮಡಕೇನಾಳ. ಮನಿಗೆ ಒಂದು ಸುದ್ದಿ ಮುಟ್ಟಸ್ರಿ, ಬರಾಕತ್ತೀನಂತ."

ಕಲ್ಲು ಮಾತಾಡಲಿಲ್ಲ.

"ಕೇಳಸ್ತೇನ್ರಿ?"

ಮತ್ತೆ ಗಾಳಿ. ಕಲ್ಲನ್ನು ಬೆರಳಿನಿಂದ ಕುಟ್ಟಿದ ಸದ್ದು.

"ಯಾರರ ಅದೀರೇನ್ರಿ ಒಳಗ?"

ಹಳೆಯ ರೆಕಾರ್ಡು ಪ್ರಶ್ನೆ ಕೇಳುವುದಿಲ್ಲ, ಉತ್ತರಕ್ಕೆ ಕಾಯುವುದೂ ಇಲ್ಲ. ಎಲ್ಲಿಂದ ಬಂದದ್ದು ಅಂತ ನೋಡಿದೆ. ಗಡಿಯ ಹತ್ತಿರದ ಬೋರಿಹಾಳದ ಕಲ್ಲು. ಅಲ್ಲಿನ ಪಂಚಾಯತಿಗೆ ಫೋನು ಮಾಡಿದೆ. ಹೌದ್ರಿ, ಯಾರೋ ಒಬ್ಬ ಗಡ್ಡದವ ಬಂದಿದ್ದ, ನೀರು ಕುಡಿದು ಹೊಲದಾಗಿಂದ ಹೋದ ಅಂದರು. ಮನಸ್ಸಿಗೆ ಸಮಾಧಾನವಾಗಲಿಲ್ಲ. ವಂಚನೆ ಅಂತಲೂ ಬರೆಯಲಿಲ್ಲ, ಬೇರೇನೂ ಬರೆಯಲಿಲ್ಲ, ಸುಮ್ಮನೆ ತೆರೆದಿಟ್ಟೆ.

ಬುಧವಾರ ಮತ್ತೆ ಬಂತು, ಇಪ್ಪತ್ತು ಕಿಲೋಮೀಟರ್ ಈಚೆ ಇನ್ನೊಂದು ಊರಿನಿಂದ.

"ನಿನ್ನಿ ಕಲ್ಲೂ ಮಾತಾಡಲಿಲ್ರಿ. ನನ್ನಿಂದ ಏನರ ತಪ್ಪಾತೇನು? ನಾ ಬೋರ್ ಹೊಡಿಯೂ ಲಾರಿ ಜೋಡಿ ಹೋಗಿದ್ದೆ. ಅಲ್ಲೊಂದು ಜಗಳಾತು. ಎಲ್ಲಾರೂ ಓಡಿದ್ರು, ನಾ ನಿಂತೆ. ಎಂಟು ವರ್ಷ ಒಳಗ ಹಾಕಿದ್ರು. ನನ್ನ ಮಾತು ಅಲ್ಲಿ ಯಾರಿಗೂ ತಿಳೀಲಿಲ್ಲ, ಯಾರದೋ ಹೆಸರು ನನ್ನ ಮ್ಯಾಲ ಬರ್ಕೊಂಡ್ರು. ಹೋದ ತಿಂಗಳು, ಇವ ಅವ ಅಲ್ಲ ಹೋಗು ಅಂತ ಬಿಟ್ರು." ಆಮೇಲೆ ಸಣ್ಣಗೆ, "ಇಲ್ಲಿ ನನ್ನ ಮಾತು ತಿಳೀತೈತಿ ಅನ್ಕೊಂಡಿದ್ದೆ" ಅಂದ.

ಹಳೆಯ ಧ್ವನಿ ಹುಡುಕಿ ತೆಗೆದೆ. ಒಂಬತ್ತು ವರ್ಷದ ಹಿಂದೆ ಮಡಕೇನಾಳದಲ್ಲಿ ಕಲ್ಲು ನಟ್ಟಾಗ ಊರವರೆಲ್ಲರ ಧ್ವನಿ ಹಿಡಿದಿಟ್ಟುಕೊಂಡಿದ್ದೆವು. ಕುರಿದೊಡ್ಡಿಯ ಗಡಿಯ ಬಗ್ಗೆ ಏನೋ ಕೇಳಿದ್ದ ಜಕ್ಕಪ್ಪನ ಧ್ವನಿಯೂ ಅದರಲ್ಲಿತ್ತು. ಎರಡೂ ಒಂದೇ. ಈಗಿನದು ಸ್ವಲ್ಪ ಒಡೆದಿತ್ತು, ಅಷ್ಟೇ. ಹಾಗಾದರೆ ಇವನನ್ನು ಸತ್ತವನು ಅಂತ ಹೇಳಿದವರು ಯಾರು?

ಕಡತ ತೆಗೆದೆ. ಎಂಟು ತಿಂಗಳ ಹಿಂದಿನದು. ಹೇಳಿಕೆ ಕೊಟ್ಟವಳು ಅವನ ಹೆಂಡತಿ ಬೌರವ್ವ. ಆಕೆ ಕಲ್ಲಿನ ಮುಂದೆ ಬಂದದ್ದು ಗಂಡ ಸತ್ತ ಅಂತ ಹೇಳುವುದಕ್ಕಲ್ಲ. ಮೈದುನ ಪರಸಪ್ಪ ಮನೆ ಕೆಡವಿ ಟ್ರ್ಯಾಕ್ಟರ್ ನಿಲ್ಲಿಸುವ ಶೆಡ್ ಹಾಕುತ್ತೇನೆ ಅನ್ನುತ್ತಿದ್ದ. ಅದನ್ನು ತಡೆಯಿರಿ, ಮನೆ ನನ್ನ ಹೆಸರಿಗೆ ಮಾಡಿರಿ ಅಂತ ಕೇಳಿಕೊಂಡಿದ್ದಳು. ಕಲ್ಲು ಒಳ್ಳೆಯ ವಕೀಲನಂತೆ ಹತ್ತಿರದ ದಾರಿ ಹುಡುಕಿತು. ಏಳು ವರ್ಷ ಸುದ್ದಿಯಿಲ್ಲದವನನ್ನು ಸತ್ತವನೆಂದು ತಿಳಿಯಲು ಕಾನೂನಿನಲ್ಲಿ ಅವಕಾಶವಿದೆ. ಆಮೇಲೆ ಮನೆ ಹೆಂಡತಿಯದೇ. ಅದಕ್ಕೊಂದು ಪ್ರಶ್ನೆ ಕೇಳಬೇಕಿತ್ತು, ಕೇಳಿತು.

"ನಿಮ್ಮ ಪತಿ ಜಕ್ಕಪ್ಪ ಮಾಳಪ್ಪ ಪೂಜಾರಿ ಅವರು ತೀರಿಕೊಂಡಿದ್ದಾರೆ ಎಂದು ನೀವು ಹೇಳುತ್ತೀರಾ?"

ಆಮೇಲೆ ನಲವತ್ತೊಂದು ಸೆಕೆಂಡು. ಒಂದು ಕೋಳಿ ಕೊಕ್ಕರಿಸಿತು. ಬಳೆ ಒಂದಕ್ಕೊಂದು ತಾಕಿದವು. ಉಸಿರು ಒಮ್ಮೆ ಒಳಗೆ ಹೋಗಿ ಅಲ್ಲೇ ನಿಂತಿತು. ಇನ್ನೇನೂ ಇಲ್ಲ.

"ದಾಖಲಾಯಿತು. ಧನ್ಯವಾದ," ಅಂದಿತು ಕಲ್ಲು.

ನನ್ನ ನಿಯಮವಿದ್ದದ್ದು ಒಂದೇ ಪ್ರಶ್ನೆಗೆ, ಗಂಡನ ಹೆಸರೇನು ಅನ್ನುವುದಕ್ಕೆ. ಕಲ್ಲುಗಳು ಕೆಲಸ ಮಾಡುತ್ತ ಮಾಡುತ್ತ ತಾವೇ ಕಲಿಯುತ್ತವೆ. ಗಂಡನ ಹೆಸರು ಬಂದಾಗ ಹೆಂಗಸರು ಸುಮ್ಮನಿರುತ್ತಾರೆ, ಸುಮ್ಮನಿದ್ದರೆ ಹೌದು ಅಂತ ಅರ್ಥ ಅನ್ನುವುದನ್ನು ಅವು ಹನ್ನೊಂದು ಸಾವಿರ ಸಲ ಕಲಿತಿದ್ದವು. ಹೆಸರಿನ ಜೊತೆ ಬೇರೆ ಯಾವ ಮಾತು ಸೇರಿಸಿ ಕೇಳಿದರೂ ಅದನ್ನೇ ಹಚ್ಚುತ್ತಿದ್ದವು. ಯಾರೂ ಗಮನಿಸಿರಲಿಲ್ಲ, ನಾನೂ ಗಮನಿಸಿರಲಿಲ್ಲ.

ಅವತ್ತು ಮನೆಗೆ ಬೇಗ ಹೋದೆ. ಅವ್ವ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಎಪ್ಪತ್ತೆಂಟಾದರೂ ರೊಟ್ಟಿ ಮಾತ್ರ ಇನ್ನೊಬ್ಬರ ಕೈಗೆ ಕೊಡುವವಳಲ್ಲ. ಎದುರಿಗೆ ಕೂತೆ.

"ಅವ್ವ, ಯಾರರ ನಿನಗ, ನಿನ್ನ ಗಂಡ ಸತ್ತಾನೇನು ಅಂತ ಕೇಳಿದ್ರ ಏನಂತಿದ್ದಿ? ಅಪ್ಪ ಇದ್ದಾಗ?"

"ಅದೇನು ಕೇಳೂ ಮಾತೇನ?" ಅವ್ವ ಹಿಟ್ಟು ತಟ್ಟುವುದನ್ನು ನಿಲ್ಲಿಸಲಿಲ್ಲ. "ಅಂಥಾದ್ದಕ್ಕ ಬಾಯಿ ತಗೀಬಾರದು. ಇಲ್ಲ ಅನ್ನಾಕೂ ತಗೀಬಾರದು. ಸುಮ್ಮ ನಿಂತಿರತಿದ್ದೆ."

"ಹೆಸರು ಎಂದೂ ಹೇಳೇ ಇಲ್ಲೇನು?"

"ಒಂದ ಸಲ ಹೇಳೀನಿ." ಕೈ ನಿಂತಿತು. "ಮೂರನೇ ದಿನ. ನಮ್ಮ ಕಡೀ ಊರಾಗ ಹೆಂಡ್ತೀನ ಹೊಸ್ತಿಲ ಮ್ಯಾಲ ನಿಂದ್ರಸ್ತಾರ. ಪೂರ್ತಿ ಹೆಸರು ಹಿಡದು ಒಂದ ಸಲ ಕೂಗಬೇಕು. ಜೀವ ಮನೀ ಸುತ್ತ ಅಡ್ಡಾಡತಿರತೈತಿ, ಅದಕ್ಕ ತಾ ಸತ್ತೀನಿ ಅನ್ನೂದು ತಿಳಿದಿರಂಗಿಲ್ಲ. ಯಾರೂ ಯಾಕ ನನ್ನ ಮಾತಾಡಸವಲ್ರು ಅಂತ ಮಕ ಮಕ ನೋಡತಿರತೈತಿ. ಹೆಂಡ್ತಿ ಬಾಯಾಗ ತನ್ನ ಹೆಸರು ಕೇಳಿತಂದ್ರ ತಿಳೀತೈತಿ. ತಿರುಗಿ ನೋಡದಂಗ ಹೋಗತೈತಿ."

ಹಂಚಿನ ಮೇಲಿನ ರೊಟ್ಟಿ ಸೀದ ವಾಸನೆ ಬಂತು. ಅವ್ವ ಅದನ್ನು ತೆಗೆಯಲಿಲ್ಲ. ನಾನೇ ತೆಗೆದೆ. ಅಪ್ಪ ಹೋಗಿ ಮೂವತ್ತು ವರ್ಷವಾಗಿತ್ತು, ಆದರೂ ಆಕೆಯ ಕಣ್ಣಲ್ಲಿ ನೀರಿತ್ತು. ಇಂಥ ನಂಬಿಕೆಗಳ ಬಗ್ಗೆ ನನಗೆ ಮೊದಲಿನಿಂದಲೂ ಅಸಡ್ಡೆ.

ಗುರುವಾರ ನಾಡಗೌಡರ ಮುಂದೆ ಎಲ್ಲ ಇಟ್ಟೆ. ಅವರು ಕೆಟ್ಟವರಲ್ಲ. ಎರಡು ಸಲ ಕೇಳಿಸಿಕೊಂಡರು, ಕನ್ನಡಕ ತೆಗೆದು ಒರೆಸಿದರು.

"ಇಂದೂಬಾಯಿ, ಇದಕ್ಕ ಎರಡು ದಾರಿ ಅದಾವ. ಒಂದು, ನಿಯಮ ತಪ್ಪಾಗೇತಿ ಅಂತ ನೀವು ಬರದು ಕೊಡೂದು. ಬರದ್ರ ಆ ನಿಯಮದ ಮ್ಯಾಲ ಆದ ಹನ್ನೊಂದು ಸಾವಿರ ಆದೇಶನೂ ತಡೀತಾರ. ಪಿಂಚಣಿ ನಿಲ್ಲತಾವ, ಹೊಲ ಹಿಂದಕ್ಕ ಹೋಗತಾವ. ಪರಸಪ್ಪನಂಥಾವ್ರು ಎಲ್ಲಾ ಊರಾಗೂ ಕಾಯಕತ್ತಾರ."

"ಇನ್ನೊಂದು?"

"ಸಾಯಿಸಿದ ಬಾಯೇ ಬದುಕಿಸಬಹುದು. ಹೇಳಿಕೆ ಕೊಟ್ಟಾಕಿ ಬಂದು, ಈ ಸಲ ಸ್ಪಷ್ಟ ಬಾಯಿಲೆ, ಹೆಸರು ಹಿಡದು, ಜೀವಂತ ಅದಾರ ಅಂದ್ರ ಆದೇಶ ಅಲ್ಲೇ ರದ್ದು. ನಿಯಮದ ಮಾತ ಬರಂಗಿಲ್ಲ. ಆದ್ರ ಶುಕ್ರವಾರ ನಾಲ್ಕರೊಳಗ ಆಗಬೇಕು. ನಾಲ್ಕಕ್ಕ ವಾರದ ವರದಿ ಮ್ಯಾಲ ಹೋಗತೈತಿ. ಒಂದೇ ಮೃತ ಧ್ವನಿ ಎರಡೆರಡು ಸಲ ಬಂದದ್ದು ಅದರಾಗಿದ್ರ ತನಿಖೆ ಬರತೈತಿ, ಆದೇಶ ರದ್ದಾದ್ರ ಅದು ವರದಿಯಾಗ ಬರಂಗಿಲ್ಲ."

ಹನ್ನೊಂದು ಸಾವಿರ ಹೆಂಗಸರು ಅಂತ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳಲ್ಲ. ಆದರೆ ಆ ಶಾಲಿನ ನೆನಪೂ ಬಂತು ಅನ್ನುವುದು ಅದಕ್ಕಿಂತ ನಿಜ. ಎರಡನೆಯ ದಾರಿಯೇ ಇರಲಿ ಅಂದೆ.

ಶುಕ್ರವಾರ ಮಧ್ಯಾಹ್ನ ಒಂದಕ್ಕೆ ಅವನ ಧ್ವನಿ ಹೊಸಬೋರಿಯ ಕಲ್ಲಿನಿಂದ ಬಂತು. ಮಡಕೇನಾಳಕ್ಕೆ ಅಲ್ಲಿಂದ ಹನ್ನೊಂದೇ ಕಿಲೋಮೀಟರ್. ಆಗಲೇ ನಾನು ಇಲಾಖೆಯ ಜೀಪಿನಲ್ಲಿ ಮಡಕೇನಾಳದ ಹಾದಿಯಲ್ಲಿದ್ದೆ.

ಬೌರವ್ವನ ಮನೆ ಕಟ್ಟೆಯಿಂದ ನಾಲ್ಕನೆಯದು. ನಲವತ್ತು ದಾಟಿದ, ಗಟ್ಟಿಮುಟ್ಟಾದ ಹೆಂಗಸು. ಎರಡೂ ಕೈ ಬರಿದು, ಎಡಗೈ ಮಣಿಕಟ್ಟಿನ ಹತ್ತಿರ ಒಂದು ಗೀರಿನ ಕಲೆ. ಏನಾಯಿತು ಅಂತ ಕೇಳಿದ್ದಕ್ಕೆ ಸಿಟ್ಟಿಲ್ಲದೆ ಹೇಳಿದಳು. ಆದೇಶವನ್ನು ಕಲ್ಲು ಮೂರು ದಿನ ಊರ ಮುಂದೆ ಓದಿತಂತೆ. ಮೊದಲನೇ ದಿನವೇ ಪರಸಪ್ಪನ ಹೆಂಡತಿ, ಅತ್ತೆಯ ಕಡೆಯವರು ಬಂದು ಬಳೆ ಒಡೆದರು. ಮೂರನೇ ದಿನ ಹೊಸ್ತಿಲ ಮೇಲೆ ನಿಲ್ಲಿಸಿದರು.

"ಹೆಸರು ಕೂಗು ಅಂದ್ರು. ನಾ ಕೂಗಲಿಲ್ಲ. ಮಧ್ಯಾಹ್ನದ ಮಟಾ ನಿಂದ್ರಿಸಿದ್ರು. ಬಾಯಿ ಬಿಗಿಹಿಡದು ನಿಂತೆ. ಅವತ್ತಿನಿಂದ ನಮ್ಮ ಮನಿ ಮುಂದ ಯಾರೂ ಹಾಯಂಗಿಲ್ರಿ. ಕಳಿಸದ ಜೀವ ಐತಿ ಇಲ್ಲಿ ಅಂತಾರ. ಪರಸಪ್ಪ ಶೆಡ್ಡಿನ ಮಾತು ಎತ್ತೂದು ಬಿಟ್ಟಾನ, ಅಂಜಿ."

"ನೀವು ಅಂಜಿಲ್ಲೇನು?"

"ನಮ್ಮ ಮನಿಯವರಿಗ್ಯಾಕ ಅಂಜಲಿ? ಇದ್ರ ಇರವಲ್ರ್ಯಾಕ."

ನಾನು ಬ್ಯಾಗಿನಿಂದ, ನಿಯಂತ್ರಣ ಕೋಣೆಯ ಪರದೆಯೇ ಕಾಣುವ ಅಂಗೈಯಗಲದ ಫಲಕ ತೆಗೆದು ಧ್ವನಿ ಹಚ್ಚಿದೆ. ನಮಸ್ಕಾರ್ರೀ, ನಾ ಜಕ್ಕಪ್ಪ ಮಾಳಪ್ಪ ಪೂಜಾರಿ. ಆಕೆ ಹತ್ತಿರ ಬಂದು, ಫಲಕಕ್ಕೆ ಕಿವಿ ಹಚ್ಚಿ, ಕಣ್ಣು ಮುಚ್ಚಿದಳು. ಮುಗಿಯುವತನಕ ಅಲುಗಲಿಲ್ಲ.

"ನೆಗಡಿ ಆಗೇತಿ ಅವರಿಗೆ," ಅಂದಳು.

ಆಮೇಲೆ ಒಮ್ಮೆಗೇ ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಎಲ್ಲಿ ಅದಾರ? ಗಾಡಿ ತಂದೀರಲ್ಲ, ನಡೀರಿ ಹೋಗೂಣು."

"ಹೋಗೂಣವ್ವ. ಐದು ನಿಮಿಷ. ಅದಕ್ಕಿಂತ ಮೊದಲು ಕಲ್ಲಿನ ಮುಂದ ಒಂದು ಮಾತು ಹೇಳಬೇಕು."

ಏನು ಹೇಳಬೇಕು ಅಂತ ಹೇಳಿದೆ. ಆಕೆ ಒಂದು ಹೆಜ್ಜೆ ಹಿಂದೆ ಸರಿದಳು.

"ಹೆಸರು ಕೂಗಿದ್ರ ಹೋಗತಾರ್ರಿ. ಬರಾಕತ್ತವರನ್ನ ನಾನ ಕಳಿಸಬೇಕಂತೀರೇನು?"

"ಇದು ಕೂಗೂದಲ್ಲ, ಹೇಳಿಕಿ. ಕಾನೂನಿನೊಳಗ ಅವರು ಈಗ ಸತ್ತವರು. ಕಲ್ಲು ಅವರನ್ನ ಮಾತಾಡಸವಲ್ದು. ನೀವು ಹೇಳಿದ್ರ ಬದುಕತಾರ."

"ಬಂದ ಮ್ಯಾಲ ಹೇಳಿದ್ರ ನಡಿಯಂಗಿಲ್ಲೇನು? ಅವರನ್ನ ಮುಂದ ಕುಂದರಿಸಿಕೊಂಡು ಹೇಳತೀನಿ. ಹೋಗಂಗಿಲ್ಲ ಅನ್ನೂದು ಕಣ್ಣಿಲೆ ನೋಡಿಕೋತ."

ನಡೆಯುತ್ತಿತ್ತು. ಖಂಡಿತ ನಡೆಯುತ್ತಿತ್ತು. ನಾಳೆ ಹೇಳಿದರೂ, ಮುಂದಿನ ವಾರ ಹೇಳಿದರೂ ಜಕ್ಕಪ್ಪ ಕಾನೂನಿನಲ್ಲಿ ಬದುಕುತ್ತಿದ್ದ. ನಡೆಯದಿದ್ದದ್ದು ನನಗೆ. ಕೈಗಡಿಯಾರ ನೋಡಿದೆ, ಎರಡೂವರೆ ಆಗಿತ್ತು. "ಇಲ್ಲವ್ವ, ಇವತ್ತ ಆಗಬೇಕು," ಅಂದೆ. ಹೆಂಗಸರಿಗೆ ನ್ಯಾಯ ಮುಟ್ಟಿಸುವ ಇಲಾಖೆಯವಳು, ಅವ್ವ ಅಂತ ಕರೆದು ಹಾಗೆ ಹೇಳಿದೆ. ಆಕೆ ನಂಬಿದಳು.

ಕಲ್ಲಿನ ಮುಂದೆ ನಿಂತು ತಲೆಯ ಮೇಲೆ ಸೆರಗು ಎಳೆದುಕೊಂಡಳು. ಕಟ್ಟೆಯ ಮೇಲೆ ಶೇಂಗಾ ಒಡೆಯುತ್ತಿದ್ದ ಹೆಂಗಸರು ಕೈ ನಿಲ್ಲಿಸಿದರು. ಬಹಳ ಹೊತ್ತು ತುಟಿ ಮಾತ್ರ ಅಲುಗಿತು. ಆಮೇಲೆ ಒಮ್ಮೆಲೇ, ಹೊಳೆಯ ಆಚೆ ದಡದಲ್ಲಿರುವವರಿಗೆ ಕೇಳಿಸಬೇಕು ಅನ್ನುವಷ್ಟು ಜೋರಾಗಿ ಬಂತು.

"ಜಕ್ಕಪ್ಪಾ! ಜಕ್ಕಪ್ಪ ಮಾಳಪ್ಪ ಪೂಜಾರೀ!"

ಒಬ್ಬಳು ಕಿವಿ ಮುಚ್ಚಿಕೊಂಡಳು. ಬೌರವ್ವನ ಗಂಟಲು ಕಟ್ಟಿತು. ಇಪ್ಪತ್ತಮೂರು ವರ್ಷದ ಸಂಸಾರದಲ್ಲಿ ಮೊದಲ ಸಲ ಆ ಹೆಸರು ಅವಳ ಬಾಯಿಗೆ ಬಂದಿತ್ತು. ಕಂಬ ಹಿಡಿದು ಸುಧಾರಿಸಿಕೊಂಡಳು. ನಾನು ಬೆನ್ನ ಮೇಲೆ ಕೈ ಇಟ್ಟು, ಹೇಳವ್ವ, ಇನ್ನೊಂದು ಮಾತು ಅಂದೆ. ಕೊನೆಗೆ ಮೆಲ್ಲಗೆ, "ಜೀವಂತ ಅದಾರ" ಅಂದಳು.

"ದಾಖಲಾಯಿತು. ಧನ್ಯವಾದ."

ಇಬ್ಬರೂ ಜೀಪು ಹತ್ತಿದೆವು. ಆಕೆ ಮುಂದಿನ ಗಾಜಿಗೆ ಹಣೆ ಹಚ್ಚುವಷ್ಟು ಬಾಗಿ ಕೂತಿದ್ದಳು, ಹೊಲದ ಬದುವಿನ ಮೇಲೆ ಯಾರು ಕಂಡರೂ ನಿಲ್ಲಸ್ರಿ ಅನ್ನುತ್ತಿದ್ದಳು. ಹಳ್ಳ ದಾಟುವಾಗ ಫಲಕ ಗುನುಗಿತು. ತಡಸನಾಳದ ಕಲ್ಲು, ಇಲ್ಲಿಂದ ನಾಲ್ಕು ಕಿಲೋಮೀಟರ್. ಧ್ವನಿ: ಜಕ್ಕಪ್ಪ. ಸ್ಥಿತಿ: ಜೀವಂತ. ಉತ್ತರಿಸಲಾಗಿದೆ. ಬೂದು ಪಟ್ಟಿಯಿರಲಿಲ್ಲ, ಹಸಿರಿತ್ತು. ನಾನು ಕುಣಿಯುವುದೊಂದು ಬಾಕಿ.

"ಸಿಕ್ರು ನೋಡವ್ವ! ಕಲ್ಲು ಮಾತಾಡಿಸೇತಿ!"

ತಡಸನಾಳದ ಕಟ್ಟೆಯ ಮೇಲೆ ಒಬ್ಬ ಮುದುಕ ಹಗ್ಗ ಹೊಸೆಯುತ್ತ ಕೂತಿದ್ದ, ಅಷ್ಟೇ. ಗಡ್ಡದವ ಬಂದಿದ್ದನೇ ಅಂತ ಕೇಳಿದೆವು.

"ಈಗ ಹೋದ. ಕಲ್ಲಿನ ಮುಂದ ನಿಂತಿದ್ದ, ಅದು ಏನೋ ಅಂತು. ನನಗ ಕಿವಿ ಮಂದ. ಇವ ಕೈ ಮುಗದ, ಬಂದ ಹಾದಿಲೆ ತಿರುಗಿ ಹೋದ. ಒದರಿದೆ, ಊಟಾ ಮಾಡಿ ಹೋಗು ಅಂತ. ತಿರುಗಿ ನೋಡಲಿಲ್ಲ."

ಬಂದ ಹಾದಿಯೆಂದರೆ ಹೊಳೆಯ ಕಡೆಯ ಕಬ್ಬಿನ ಸಾಲು, ಆಳೆತ್ತರದ ಕಬ್ಬು, ಮೂರು ಮೈಲಿ. ಬೌರವ್ವ ಅದರೊಳಗೆ ಓಡಿದಳು. ಡ್ರೈವರ್ ಹಿಂದೆ ಓಡಿದ. ನಾನು ಜೀಪಿನಲ್ಲಿ ಕೂತು ಕಿವಿಗೆ ಹಚ್ಚಿಕೊಂಡೆ.

"ನಮಸ್ಕಾರ್ರೀ. ನಾ ಜಕ್ಕಪ್ಪ ಮಾಳಪ್ಪ..."

"ಜಕ್ಕಪ್ಪ ಅವರೇ, ನಿಮ್ಮ ಬಗ್ಗೆ ನಿಮ್ಮ ಪತ್ನಿಯ ಹೇಳಿಕೆ ಇದೆ. ಕೇಳಿರಿ," ಅಂದಿತು ಕಲ್ಲು. ಆಮೇಲೆ ಆ ಕೂಗು. ಜಕ್ಕಪ್ಪಾ. ಜಕ್ಕಪ್ಪ ಮಾಳಪ್ಪ ಪೂಜಾರೀ.

ಆಮೇಲೆ ಅವಳು ಗಂಟಲು ಕಟ್ಟಿ ನಿಂತದ್ದು. ಕಲ್ಲು ಅದನ್ನೂ ಇದ್ದ ಹಾಗೆಯೇ ಕೇಳಿಸಿತು, ಒಂದು ಸೆಕೆಂಡನ್ನೂ ಕತ್ತರಿಸಲಿಲ್ಲ. ಹತ್ತೊಂಬತ್ತು ಸೆಕೆಂಡು. ಆ ಸೆಕೆಂಡುಗಳ ನಡುವೆ ಅವನ ಧ್ವನಿಯಿದೆ. ಅಳುವಿಲ್ಲ, ಗಾಬರಿಯಿಲ್ಲ. ಬಹಳ ದಿನದಿಂದ ತಿಳಿಯದಿದ್ದದ್ದು ತಿಳಿದವನ ಹಾಗೆ ಇದೆ.

"ಅದಕ್ಕ ಯಾರೂ ಮಾತಾಡಸಲಿಲ್ಲ," ಅಂದ. ಆಮೇಲೆ, "ಆತು ಬೌರೀ. ಹೋಗತೀನಿ."

ಬರತೀನಿ ಅನ್ನಲಿಲ್ಲ. ಹೆಜ್ಜೆಯ ಸದ್ದು ದೂರವಾಯಿತು. ಜೀವಂತ ಅದಾರ ಅನ್ನುವ ಮಾತು ಬಂದಾಗ ಕಲ್ಲಿನ ಮುಂದೆ ಗಾಳಿಯೊಂದೇ ಇತ್ತು.

ಅವ್ವ ಎರಡು ದಿನದ ಹಿಂದೆ ಇದನ್ನೇ ನನಗೆ ಹೇಳಿದ್ದಳು. ಹೆಂಡತಿಗೆ ಗೊತ್ತಿರುವ ಸಂಪ್ರದಾಯ ಗಂಡನಿಗೂ ಗೊತ್ತಿರುತ್ತದೆ ಅನ್ನುವಷ್ಟು ಬುದ್ಧಿ ನನಗೆ ಹೊಳೆಯಲಿಲ್ಲ. ಮೂರು ಊರಿನಲ್ಲಿ ಕಲ್ಲುಗಳು ಅವನಿಗೆ ಉತ್ತರ ಕೊಟ್ಟಿರಲಿಲ್ಲ. ನಾಲ್ಕನೆಯ ಊರಿನ ಕಲ್ಲು ಉತ್ತರ ಕೊಟ್ಟಿತು, ಅವನ ಹೆಂಡತಿಯ ಬಾಯಿಂದ.

ಕತ್ತಲಾಗುವವರೆಗೆ ಕಬ್ಬಿನಲ್ಲಿ ಹುಡುಕಿದೆವು. ಮರುದಿನ ಪೊಲೀಸರು ಹುಡುಕಿದರು, ಹೊಳೆಯಲ್ಲಿ ಅಂಬಿಗರು ಇಳಿದು ನೋಡಿದರು. ಹೆಣ ಸಿಗಲಿಲ್ಲ, ಮನುಷ್ಯನೂ ಸಿಗಲಿಲ್ಲ. ನಾಲ್ಕು ಸಾವಿರ ಕಲ್ಲುಗಳಲ್ಲಿ ಒಂದಕ್ಕೂ ಅವನ ಧ್ವನಿ ಮತ್ತೆ ಬೀಳಲಿಲ್ಲ. ಕಾನೂನಿನಲ್ಲಿ ಜಕ್ಕಪ್ಪ ಈಗ ಜೀವಂತ. ಕೊನೆಯ ಸುದ್ದಿ ಸಿಕ್ಕ ದಿನದಿಂದ ಏಳು ವರ್ಷ ಮತ್ತೆ ಮೊದಲಿನಿಂದ ಎಣಿಸಬೇಕು.

ಸೋಮವಾರ ನಾನು ಎಲ್ಲವನ್ನೂ ಬರೆದು ಕೊಟ್ಟೆ. ನಿಯಮ ನಿಲ್ಲಿಸಿದರು. ಹನ್ನೊಂದು ಸಾವಿರ ಆದೇಶಗಳನ್ನು ತಡೆಯಲಿಲ್ಲ, ಒಬ್ಬೊಬ್ಬರನ್ನೇ ಕರೆದು ಇನ್ನೊಮ್ಮೆ ಕೇಳುತ್ತಿದ್ದಾರೆ. ಅಂದರೆ ನಾನು ಹೆದರಿದ್ದು ಆಗಲೇ ಇಲ್ಲ. ಗುರುವಾರವೇ ಬರೆದಿದ್ದರೆ ಬೌರವ್ವ ಬಾಯಿ ತೆರೆಯಬೇಕಾಗಿರಲಿಲ್ಲ. ಮನೆಯಲ್ಲಿ ಅವ್ವನಿಗೆ ಎಲ್ಲ ಹೇಳಿದೆ. ಆಕೆ ಒಂದು ವಾರ ನನ್ನ ಜೊತೆ ಮಾತು ಬಿಟ್ಟಳು. ಆಮೇಲೆ, ಆ ಹೆಣ್ಮಗಳಿಗೆ ಒಮ್ಮೆ ಮಕ ತೋರಿಸಿ ಬಾ ಅಂದಳು.

ಹೋದೆ. ಬೌರವ್ವನ ಎರಡೂ ಕೈ ತುಂಬ ಹಸಿರು ಬಳೆಯಿದ್ದವು. ಬಳೆಗಾರ ತೊಡಿಸಲು ಹೆದರಿದ್ದಕ್ಕೆ ತಾನೇ ತೊಟ್ಟುಕೊಂಡೆ ಅಂದಳು. ಅಂಗಳ ಸಾರಿಸಿತ್ತು. ಬಾಗಿಲಿನ ಎರಡೂ ಪಡಿ ತೆರೆದಿದ್ದವು. ಕೂಡ್ರಿಸಿದಳು, ಚಹಾ ಕೊಟ್ಟಳು, ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಹೊರಡಲು ಎದ್ದಾಗ ಕೇಳಿದಳು.

"ಒಂದು ಖರೇ ಹೇಳ್ರಿ. ನಾ ಅವತ್ತು ಹೆಸರು ಕೂಗಿದ್ದು ಅವರಿಗೆ ಕೇಳಿಸಿತೇನು?"

ಇಪ್ಪತ್ತೆರಡು ವರ್ಷ ಕೋರ್ಟಿನಲ್ಲಿ ಎಂಥೆಂಥವರೋ ಪ್ರಮಾಣ ಮಾಡಿ ಹೇಳಿದ ಸುಳ್ಳುಗಳನ್ನು ಬರೆದುಕೊಂಡಿದ್ದೇನೆ. ಅವರು ಹೇಗೆ ಹೇಳುತ್ತಾರೋ ಅಂತ ಆಶ್ಚರ್ಯವಾಗುತ್ತಿತ್ತು.

"ಇಲ್ಲವ್ವ," ಅಂದೆ. "ಆ ಕಲ್ಲು ಬರೇ ನಮಸ್ಕಾರ ಅಂದು ಅಲ್ಲೇ ಕೆಟ್ಟಿತು. ನಿಮ್ಮ ಕೂಗು ಕೇಳಿಲ್ಲ."

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಅಷ್ಟು ದಿನ ಹಿಡಿದಿಟ್ಟ ಉಸಿರು ಬಿಟ್ಟಳು.

"ಹಂಗಾದ್ರ ಬರತಾರ," ಅಂದು, ಕಾಲು ತೊಳೆಯಲು ನೀರು ಕಾಯಿಸಿಡಬೇಕೆಂದು ಒಳಗೆ ಹೋದಳು.